ಇಟ್ಟವರೇ ಕೇಳಬೇಕು

ಹಗ್ಗದ ಅಂಗಡಿ ಅಜ್ಜಿಯ ಸೊಸೆ ತನ್ನ ಮಗಳ ಕೆನ್ನೆಗೆ ಹೊಡೆದದ್ದು ಶನಿವಾರ, ತುಂಬಿದ ಮಾರುಕಟ್ಟೆಯಲ್ಲಿ, ಗಿರಾಕಿಗಳು ಹಗ್ಗದ ತುದಿ ಹಿಡಿದು ಚೌಕಾಸಿ ಮಾಡುತ್ತಿದ್ದ ಹೊತ್ತಿನಲ್ಲಿ. ಮನೆಯೊಳಗೆ ಹೊಡೆದಿದ್ದರೆ ತಾಯಿ ಮಗಳ ಜಗಳ ಎಂದು ಮುಗಿಯುತ್ತಿತ್ತು. ಮಾರುಕಟ್ಟೆಯ ಹೆಬ್ಬಾಗಿಲಿನಲ್ಲಿ ಹೊಡೆದದ್ದರಿಂದ ಊರಿನ ಸಮಾಚಾರವಾಯಿತು.

ಕಾರಣ ಕೇಳಿದರೆ ಹೊರಗಿನವರಿಗೆ ನಗು ಬರುತ್ತದೆ. ಹುಡುಗಿ ಅಂಗಡಿಯ ಅಟ್ಟದಲ್ಲಿದ್ದ ಒಂದಿಷ್ಟು ಹಳೇ ಸಾಮಾನನ್ನು ಗುಜರಿಯವನಿಗೆ ಹಾಕಿದ್ದಳು, ಅಷ್ಟೇ. ಆದರೆ ಆ ಸಾಮಾನು ಇವರದಾಗಿರಲಿಲ್ಲ.

ಆ ಮಾರುಕಟ್ಟೆ ಹುಟ್ಟಿದ್ದೇ ಬೇರೆಯವರ ಸಾಮಾನು ಕಾಯುವುದರಿಂದ ಎಂದು ಅಲ್ಲಿಯ ಹಳಬರು ಹೇಳುತ್ತಿದ್ದರು. ಮೊದಲು ಅದು ಗಾಡಿಗಳು ತಂಗುವ ಬಯಲು. ದಾರಿ ನಡೆದು ದಣಿದವರು ಮೂಟೆ ಇಳಿಸಿ, ಪಕ್ಕದಲ್ಲಿ ಕೂತವರಿಗೆ "ಸ್ವಲ್ಪ ನೋಡ್ಕೊಳಿ" ಎಂದು ಹೇಳಿ ನೀರಿಗೆ ಹೋಗುತ್ತಿದ್ದರು. ನೋಡಿಕೊಳ್ಳಲು ಕೂತವರು ಸುಮ್ಮನೆ ಕೂರುವುದೇಕೆ ಎಂದು ನಾಲ್ಕು ಈರುಳ್ಳಿ ಮುಂದಿಟ್ಟುಕೊಂಡರು. ಹಾಗೆ ಅಂಗಡಿಗಳಾದವು. ಆಮೇಲೆ ಕಲ್ಲಿನ ಕಟ್ಟೆ ಬಂತು, ಕಬ್ಬಿಣದ ಚಾವಣಿ ಬಂತು. ಒಂದು ಸಲ ಬೆಂಕಿ ಬಿತ್ತು, ಇನ್ನೊಂದು ಸಲ ಹೊಳೆ ಒಳಗೇ ಬಂತು. ಯುದ್ಧದ ಕಾಲದಲ್ಲಿ ಮಾರುವುದಕ್ಕೆ ಏನೂ ಇಲ್ಲದೆಯೂ ಜನ ಖಾಲಿ ಚೀಲ ಹಿಡಿದು ಬಂದು, ನಿಂತು ಮಾತಾಡಿ, ಖಾಲಿ ಚೀಲದಲ್ಲೇ ಮನೆಗೆ ಹೋಗುತ್ತಿದ್ದರಂತೆ. ಈಚೆಗೆ ನಗರಸಭೆಯವರು ಹೆಬ್ಬಾಗಿಲಿಗೆ 'ನೂರ ಮೂವತ್ತು ವರ್ಷಗಳ ಇತಿಹಾಸ' ಎಂದು ಚೆಂದದ ಬೋರ್ಡು ಹಾಕಿಸಿದರು. ಅದರ ಬಣ್ಣ ಆರುವ ಮೊದಲೇ ಕೆಳಗೆ ಕಟ್ಟಡ ಕೆಡವುವ ನೋಟೀಸೂ ಅಂಟಿಸಿದರು.

ಇಷ್ಟೆಲ್ಲ ಆದರೂ ಸಾಮಾನು ಕಾಯುವ ರೂಢಿ ಮಾತ್ರ ಬದಲಾಗಿರಲಿಲ್ಲ. ಇಟ್ಟದ್ದನ್ನು ಇಟ್ಟ ಜಾಗದಿಂದ ಕದಲಿಸಬಾರದು. ಇಟ್ಟವರೇ ಬಂದು ಕೇಳಬೇಕು, ಕಾದವರು ಕೂಗಬಾರದು. ಕೂಗಿ "ಇಗೋ ನಿಮ್ಮ ಗಂಟು" ಎಂದರೆ, ನಮಗೆ ಭಾರವಾಯಿತು ತೊಲಗಿಸಿ ಎಂದ ಹಾಗೆ. ಅಲ್ಲದೆ ಮನೆಯವರ ಕಣ್ಣು ತಪ್ಪಿಸಿ ಇಟ್ಟವರೂ ಇರುತ್ತಾರೆ. ಕೂಗಿದರೆ ಅವರ ಮಾನ ಸಂತೆಗೆ ಬರುತ್ತದೆ. ಹಾಗಾಗಿ ಮೀನಿನವಳ ಕಟ್ಟೆಯಡಿ ಯಾರದೋ ಹೊಲಿಗೆ ಯಂತ್ರದ ತಲೆ ಇತ್ತು, ತಕ್ಕಡಿ ರಿಪೇರಿಯ ತಾತನ ಗೂಡಿನಲ್ಲಿ ಯಾರದೋ ಒಂಟಿ ಮದುವೆ ಚಪ್ಪಲಿ ಇತ್ತು. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಹೆಬ್ಬಾಗಿಲ ಪಕ್ಕದ ಹಗ್ಗದ ಅಂಗಡಿಯಲ್ಲಿ. ಒಳಗೆ ಬರುವವರು ಭಾರ ಇಳಿಸುವುದು ಅಲ್ಲೇ ತಾನೆ.

ಹಗ್ಗದ ಅಂಗಡಿಯ ಯಜಮಾನಿ ಅಜ್ಜಿ. ಅಜ್ಜಿಯೂ ಹಾಗೆ ಯಾರೋ ಇಟ್ಟುಹೋದ ಸಾಮಾನೇ. ಎರಡು ವರ್ಷದ ಕೂಸನ್ನು ಗೋಣಿಚೀಲದ ರಾಶಿಯ ಮೇಲೆ ಕೂರಿಸಿ, "ಸ್ವಲ್ಪ ನೋಡ್ಕೊಳಿ, ಎಣ್ಣೆ ತಗೊಂಡು ಬಂದೆ" ಎಂದು ಹೋದ ಹೆಂಗಸು ಎಣ್ಣೆಯ ಸಾಲಿನಿಂದ ವಾಪಸು ಬರಲಿಲ್ಲ. ಹಗ್ಗ ಹೊಸೆಯುತ್ತಿದ್ದ ವಿಧವೆ ಕೂಸನ್ನು ಸಾಕಿಕೊಂಡಳು. ಇದನ್ನು ಅಜ್ಜಿ ತಾನೇ ತಮಾಷೆಯಾಗಿ ಹೇಳುತ್ತಿದ್ದಳು: "ನಮ್ಮಮ್ಮ ತರೋ ಎಣ್ಣೆ ಇನ್ನೂ ಗಾಣದಲ್ಲೇ ಇದೆ." ತಮಾಷೆ ಏನೇ ಇರಲಿ, ಎಂಬತ್ತು ವರ್ಷ ಅವಳು ವ್ಯಾಪಾರದ ಹೊತ್ತಿನಲ್ಲಿ ಹೆಬ್ಬಾಗಿಲು ಬಿಟ್ಟು ಹೋದವಳಲ್ಲ. ಗಂಡ ಸತ್ತ ದಿನವೂ ಅಂಗಡಿಗಳು ಮುಚ್ಚುವ ತನಕ ಅಲ್ಲೇ ಕೂತಿದ್ದು, ಆಮೇಲೆ ಮನೆಗೆ ಹೋಗಿ ಅತ್ತಳು.

ಈಗ ಊರಿನ ಆಚೆ ತುದಿಯಲ್ಲಿ ಹೊಸ ಮಾರುಕಟ್ಟೆ ಎದ್ದಿತ್ತು. ಮುಂದಿನ ತಿಂಗಳ ಕೊನೆಯೊಳಗೆ ಹಳೇ ಅಂಗಡಿ ಖಾಲಿ ಮಾಡಿದವರಿಗೆ ಮಾತ್ರ ಅಲ್ಲಿಯ ಬೀಗದ ಕೈ. ಮೊಮ್ಮಗಳು ಅಟ್ಟ ಖಾಲಿ ಮಾಡಿದ್ದು ಅದಕ್ಕೇ. ಎಲ್ಲ ಕೆಲಸವೂ ಸರಸರ, ಮಾತೂ ಸರಸರ ಎಂದು ಅವಳನ್ನು ಎಲ್ಲರೂ ಚೂಟಿ ಎನ್ನುತ್ತಿದ್ದರು.

"ಹೊಸ ಅಂಗಡಿ ಬೆಂಕಿಪೊಟ್ಟಣದಷ್ಟಿದೆ ಅಮ್ಮ. ಅದರಲ್ಲಿ ಹಗ್ಗ ಇಡೋದೋ, ಸತ್ತವರ ಟ್ರಂಕು ಇಡೋದೋ?"

"ಸತ್ತವರು ಅಂತ ನಿಂಗೆ ಯಾರು ಬಂದು ಹೇಳಿದ್ರು?"

"ಬದುಕಿದ್ರೆ ಇಷ್ಟು ದಿನ ಬರ್ತಿರ್ಲಿಲ್ವಾ? ಈ ಮನೇಲಿ ಬದುಕಿರೋರಿಗಿಂತ ಇಲ್ಲದೇ ಇರೋರಿಗೇ ಜಾಗ ಜಾಸ್ತಿ."

ಆಗ ಬಿತ್ತು ಏಟು. ಚೂಟಿ ಅಳಲಿಲ್ಲ. ಕೈಯಲ್ಲಿದ್ದ ಹಗ್ಗವನ್ನು ಮೊಳ ಹಾಕಿ ಮುಗಿಸಿ ಗಿರಾಕಿಗೆ ಕೊಟ್ಟು ಹೋದಳು. ಸಂಜೆ ಮನೆಗೆ ಬಂದು ನೋಡಿದರೆ ಅವಳ ಬಟ್ಟೆ ಇರಲಿಲ್ಲ. ಶನಿವಾರ ಬಿಟ್ಟು ಉಳಿದ ದಿನ ಅವಳು ಕೆಲಸ ಮಾಡುತ್ತಿದ್ದ ಬೇಕರಿಯ ಹಿಂದೆ ಹೆಣ್ಣುಮಕ್ಕಳಿಗೆಂದು ಒಂದು ಕೋಣೆ ಇತ್ತು. ಅಲ್ಲಿಗೆ ಹೋಗಿದ್ದಳು.

ಊಟಕ್ಕೆ ಕೂತಾಗ ಸೊಸೆ ಅಭ್ಯಾಸಬಲದಿಂದ ನಾಲ್ಕು ತಟ್ಟೆ ಇಟ್ಟಳು. ನಾಲ್ಕನೆಯದನ್ನು ನೋಡಿ, ಅದೇ ತಪ್ಪು ಮಾಡಿದ ಹಾಗೆ ದಡಾರನೆ ಎತ್ತಿ ಗೂಡಿಗೆ ತಳ್ಳಿದಳು.

"ನಾನು ಹೋಗಿ ಕರ್ಕೊಂಡು ಬರ್ಲಾ?" ಎಂದು ಅವಳ ಗಂಡ ಕೇಳಿದ. ಸಾಮಾನು ಸಾಗಿಸುವ ವ್ಯಾನು ಓಡಿಸುವವನು. ಮನೆಯಲ್ಲಿ ಅವನ ಮಾತಿಗೆ ಬ್ರೇಕು ಜಾಸ್ತಿ.

"ಹೋಗಿ. ಹೋದ್ರೆ ನೀವೂ ಅಲ್ಲೇ ಬ್ರೆಡ್ಡು ಪ್ಯಾಕ್ ಮಾಡ್ಕೊಂಡು ಇದ್ಬಿಡಿ."

"ನೀನೇ ಒಂದು ಮಾತು ಕರೆದ್ರೆ..."

"ತಾನಾಗಿ ಹೋದವಳು ತಾನಾಗಿ ಬರ್ಲಿ. ಬಂದು ಕೇಳ್ಲಿ. ನಾನು ಬೇಡ ಅಂದ್ರೆ ಆಮೇಲೆ ಹೇಳಿ."

ಅಜ್ಜಿ ಅನ್ನ ಕಲೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಮುಂದಿನ ವಾರ ಅಂಗಡಿಗೆ ಒಬ್ಬ ಮುದುಕ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೋಲು. ಹೆಬ್ಬಾಗಿಲಲ್ಲಿ ನಿಂತು ಅಂಗಡಿಯ ಅಟ್ಟ ನೋಡಿದ.

"ಮಾರ್ಕೆಟ್ಟು ಕೆಡವ್ತಾರಂತೆ ಅಂತ ಕೇಳಿ ಬಂದೆ. ಇಲ್ಲೊಂದು ತಗಡಿನ ಟ್ರಂಕು ಇಟ್ಟಿದ್ದೆ. ಹಸಿರು ಬಣ್ಣದ್ದು. ಆಗ ನಂಗಿನ್ನೂ ಮೀಸೆ ಸರಿಯಾಗಿ ಬಂದಿರ್ಲಿಲ್ಲ."

ಸೊಸೆಯ ಕೈ ಹಗ್ಗದ ಮೇಲೆ ನಿಂತಿತು. ಅಜ್ಜಿ ತನ್ನ ಜೀವನದಲ್ಲಿ ಮೊದಲ ಸಲ ಆ ಮಾತು ಹೇಳಿದಳು: "ಇತ್ತಪ್ಪ. ಈಗ ಇಲ್ಲ."

"ಹೋಗ್ಲಿ ಬಿಡಿ. ಒಳಗೇನಿತ್ತು ಅಂತ ನಂಗೇ ನೆನಪಿಲ್ಲ" ಎಂದ ಮುದುಕ. ಆದರೆ ಹೋಗಲಿಲ್ಲ. ಅಟ್ಟದ ಮೇಲೆ, ಧೂಳಿಲ್ಲದೆ ಚೌಕಾಕಾರವಾಗಿ ಉಳಿದಿದ್ದ ಜಾಗವನ್ನು ಬಹಳ ಹೊತ್ತು ನೋಡುತ್ತ ನಿಂತ. ಸೊಸೆ ಸ್ಟೂಲು ಕೊಟ್ಟಳು, ಟೀ ತರಿಸಿದಳು. ಅವನು ಟೀ ಕುಡಿದು, ಲೋಟ ಕೆಳಗಿಟ್ಟು, ಇಬ್ಬರಿಗೂ ಕೈಮುಗಿದು ಹೋದ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಸೊಸೆಗೆ ಅನ್ನಿಸಿತು.

"ನೋಡಿದ್ಯಾ?" ಎಂದಳು ಅಜ್ಜಿ. "ಬರ್ತಾರೆ. ನಾನು ಇಲ್ಲಿಂದ ಏಳಲ್ಲ."

"ಅತ್ತೆ, ಏಳದಿದ್ರೆ ಬೀಗದ ಕೈ ಕೊಡಲ್ಲ. ಅಂಗಡಿ ಇಲ್ಲದೆ ತಿನ್ನೋದೇನು, ಹಗ್ಗಾನಾ?"

"ನೀವೆಲ್ಲ ಹೋಗಿ. ನಾನು ಕೂತಿರ್ತೀನಿ. ಕೆಡವೋರು ನನ್ನ ಬಿಟ್ಟು ಸುತ್ತ ಕೆಡವ್ಲಿ."

ಮುದುಕ ಹೋದ ಮೇಲೆ ಇನ್ನಷ್ಟು ಜನ ಬರತೊಡಗಿದರು. ತಂದೆಯ ಕನ್ನಡಕ ಕೇಳಿ ಒಬ್ಬಳು ಬಂದಳು. ಏನು ಇಟ್ಟಿದ್ದೆ ಎಂದು ಮರೆತು, ಇಟ್ಟದ್ದು ಮಾತ್ರ ನಿಜ ಎಂದು ಆಣೆ ಮಾಡುವವರೂ ಬಂದರು. ಇನ್ನೊಂದು ಕಡೆ ವ್ಯಾಪಾರಿಗಳು ಒಬ್ಬೊಬ್ಬರಾಗಿ ಖಾಲಿ ಮಾಡುತ್ತಿದ್ದರು. ಆಲೂಗಡ್ಡೆಯ ಸಾಲು ಹೋಯಿತು, ಪಾತ್ರೆಯವರು ಹೋದರು. ಬುಟ್ಟಿಗಳನ್ನು ತೂಗುಹಾಕುತ್ತಿದ್ದ ಕಡೆ ಈಗ ಬರೀ ಗಾಳಿ, ಆದರೂ ಜನ ಅಲ್ಲಿ ಬರುವಾಗ ತಲೆ ಬಗ್ಗಿಸಿಯೇ ಹೋಗುತ್ತಿದ್ದರು. ಮೀನಿನವಳು ಹೋದ ಮೇಲೂ ಬೆಕ್ಕುಗಳು ಹೊತ್ತಿಗೆ ಸರಿಯಾಗಿ ಬಂದು ಅವಳ ಕಟ್ಟೆಯ ಮುಂದೆ ಸಾಲಾಗಿ ಕೂರುತ್ತಿದ್ದವು. ಸೊಸೆ ಗಟ್ಟಿಗಿತ್ತಿ, ಹಗಲಲ್ಲಿ ಹೆದರುವ ಹೆಂಗಸಲ್ಲ. ಅವಳಿಗೂ ಖಾಲಿ ಸಾಲುಗಳ ಕಡೆ ಬೆನ್ನು ಹಾಕಿ ಕೂರಲು ಆಗುತ್ತಿರಲಿಲ್ಲ. ಬೆನ್ನಹಿಂದೆ ಯಾರೋ ಬಂದು, ಏನೋ ಕೇಳಬೇಕೆಂದು, ಕೇಳದೆ ನಿಂತ ಹಾಗೆ ಅನ್ನಿಸುತ್ತಿತ್ತು.

ನಿಜಕ್ಕೂ ಬಂದು ನಿಲ್ಲುತ್ತಿದ್ದವಳು ಒಬ್ಬಳಿದ್ದಳು. ಎದುರಿನ ಮೊಟ್ಟೆ ಅಂಗಡಿಗೆ ಶನಿವಾರ ಚೂಟಿ ಬರುತ್ತಿದ್ದಳು. ಎರಡು ಮೊಟ್ಟೆ ಕೊಳ್ಳುವುದಕ್ಕೆ ಅರ್ಧ ಊರು ದಾಟಿ ಬರಬೇಕೇ? ಒಂದೊಂದೇ ಮೊಟ್ಟೆ ಎತ್ತಿ ಬೆಳಕಿಗೆ ಹಿಡಿದು ನೋಡುವಳು, ಚಿಲ್ಲರೆ ಹುಡುಕುವಳು, ಚಪ್ಪಲಿ ಸರಿಮಾಡಿಕೊಳ್ಳುವಳು. ಸೊಸೆ ಆಗ ತಲೆ ತಗ್ಗಿಸಿ ಹಗ್ಗ ಮೊಳ ಹಾಕುವಳು. ಅಳೆದದ್ದನ್ನೇ ಮತ್ತೆ ಅಳೆಯುವಳು. ತಲೆ ಎತ್ತುವ ಹೊತ್ತಿಗೆ ಮಗಳು ಹೋಗಿರುತ್ತಿದ್ದಳು.

"ಅವಳು ಬಂದಿದ್ಲು" ಎಂದು ಒಂದು ಸಲ ಅಜ್ಜಿ ಹೇಳಿದಳು.

"ಯಾರು?"

"ಯಾರು ಅಂತ ನನ್ನ ಕೇಳ್ತೀಯ?"

"ಕೇಳೋಕೆ ಬಂದಿದ್ರೆ ಈ ಕಡೆ ಬರ್ತಿದ್ಲು. ಮೊಟ್ಟೆ ಕಡೆ ಹೋಗ್ತಿರ್ಲಿಲ್ಲ."

ಗಡುವು ಹತ್ತಿರ ಬಂತು. ಸೊಸೆ, ಗಂಡ ಇಬ್ಬರೂ ಕೂತು ಒಂದು ಉಪಾಯ ಹೂಡಿದರು. ಅಜ್ಜಿಯನ್ನು ಹಿಡಿದಿಟ್ಟದ್ದು ತಾಯಿ ತಾನೆ? ಆ ತಾಯಿಯ ಕಡೆಯಿಂದ ಒಂದು ಸಮಾಚಾರ ಬಂದರೆ ಸರಿ. ಸಮಾಚಾರ ಹೇಳಲು ತಕ್ಕಡಿ ತಾತನನ್ನು ಒಪ್ಪಿಸಿದರು. ತಾತ ಅಜ್ಜಿಗಿಂತ ಹತ್ತು ವರ್ಷ ಚಿಕ್ಕವನು, ಅವಳನ್ನು ಅಕ್ಕ ಎನ್ನುತ್ತಿದ್ದ. ಮಾರುಕಟ್ಟೆಗೆ ರಜೆಯ ದಿನ ಮಧ್ಯಾಹ್ನ ಊಟಕ್ಕೆ ಕರೆದರು. ಸೊಸೆ ಬೇಳೆ ಬೇಯಿಸಿ, ಎಲ್ಲರಿಗೂ ಒಂದೊಂದು ಮೊಟ್ಟೆ ಇಟ್ಟು, ತಾತನಿಗೆ ಎರಡು ಇಟ್ಟಳು. ಅಜ್ಜಿ ಆ ಎರಡನೆಯ ಮೊಟ್ಟೆಯನ್ನು ನೋಡಿದಳು.

ತಾತ ಮೂರು ಸಲ ಗಂಟಲು ಸರಿಮಾಡಿಕೊಂಡ. "ಅಕ್ಕ, ಮೊನ್ನೆ ನೀವು ಕೈ ತೊಳೆಯೋಕೆ ಹೋಗಿದ್ರಲ್ಲ, ಆಗ ಒಬ್ಬಳು ಬಂದಿದ್ಲು. ನಿಮ್ಮ ತಾಯಿ ಕಡೆಯೋಳಂತೆ."

"ಹೌದಾ?"

"ಅವರು ಹೋಗಿ ಬಹಳ ವರ್ಷ ಆಯ್ತಂತೆ. ನೆಮ್ಮದಿಯಾಗೇ ಹೋದ್ರಂತೆ. ಹೋಗೋವಾಗ, ನನ್ನ ಮಗಳು ಇನ್ನು ಕಾಯೋದು ಬೇಡ ಅಂತ ಹೇಳು ಅಂದಿದ್ರಂತೆ."

"ಎಣ್ಣೆ ಏನಾಯ್ತಂತೆ?"

ತಾತನ ಬಾಯಲ್ಲಿ ಮೊಟ್ಟೆ ನಿಂತಿತು. "ಎಣ್ಣೆ... ಎಣ್ಣೆ ವಿಷಯ ಏನೂ ಹೇಳ್ಲಿಲ್ಲ ಅಕ್ಕ."

"ಲೋಕದ ತಕ್ಕಡೀನೆಲ್ಲ ರಿಪೇರಿ ಮಾಡ್ತೀಯ, ಒಂದು ಸುಳ್ಳು ಸರಿಯಾಗಿ ತೂಗೋಕೆ ಬರಲ್ಲ ನಿಂಗೆ. ಊಟ ಮಾಡು, ಆರಿಹೋಗುತ್ತೆ."

ಸೊಸೆಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವಳಿಗೆ ಸಿಟ್ಟು ಬರುವುದು. "ಮತ್ತಿನ್ನೇನು ಮಾಡೋದು ಅತ್ತೆ? ಅವರು ಇದ್ದಿದ್ರೆ ಇವತ್ತಿಗೆ ನೂರು ದಾಟಿರ್ತಿತ್ತು. ಬರಲ್ಲ. ಅವತ್ತೇ ಬರ್ಲಿಲ್ಲ, ಇವತ್ತು ಬರ್ತಾರಾ?"

"ಬರ್ತಿದ್ಲು" ಎಂದಳು ಅಜ್ಜಿ.

ಯಾರಿಗೂ ಅರ್ಥವಾಗಲಿಲ್ಲ.

"ನನ್ನಮ್ಮ ಬರ್ತಿದ್ಲು. ಸಂತೆ ದಿನ ತಪ್ಪದೆ ಬರ್ತಿದ್ಲು. ಒಂದು ಮಾರು ತೆಳು ಹಗ್ಗ ತಗೊಂಡು ಹೋಗ್ತಿದ್ಲು. ವಾರ ವಾರ ಅಷ್ಟು ಹಗ್ಗ ಯಾವ ಮನೆಗೆ ಬೇಕು? ನಾವು ಹುಡುಗೀರು ನಗ್ತಿದ್ವಿ, ಇವಳ ಮನೇಲಿ ಹಸು ಹಗ್ಗಾನೇ ತಿನ್ನುತ್ತೆ ಅಂತ. ನಾನೇ ಅಳೆದು ಕೊಡ್ತಿದ್ದೆ. ಬೇಕೂಂತ ಒಂದು ಗೇಣು ಕಮ್ಮಿ ಅಳೆದದ್ದೂ ಉಂಟು. ಅವಳು ಏನೂ ಅಂತಿರ್ಲಿಲ್ಲ."

"ಅವರೇ ಅಂತ ನಿಂಗೆ ಹೇಗೆ ಗೊತ್ತು?" ಎಂದ ಮಗ.

"ನನ್ನ ಮದುವೆ ಗೊತ್ತಾದಾಗ ಸಾಕಿದಮ್ಮ ಹೇಳಿದ್ಲು. ಆ ಹಗ್ಗದ ಹೆಂಗಸೇ ನಿನ್ನ ಇಟ್ಟುಹೋದವಳು ಅಂತ. ಮತ್ಯಾಕೆ ಇಷ್ಟು ದಿನ ಹೇಳ್ಲಿಲ್ಲ ಅಂದೆ. ಅವಳು ಕೇಳ್ಲಿಲ್ಲ, ನಾನು ಕೂಗ್ಲಿಲ್ಲ ಅಂದ್ಲು. ಅವಳದ್ದೂ ತಪ್ಪಲ್ಲ. ಹಾಗೇ ಬೆಳೆದವಳು. ನನ್ನ ಕಳ್ಕೊಳ್ಳೋ ಭಯಾನೂ ಇತ್ತೇನೋ."

ಅಜ್ಜಿ ತಟ್ಟೆಯ ಅಂಚಿನಲ್ಲಿ ಬೆರಳು ಒರೆಸಿಕೊಂಡಳು.

"ಮುಂದಿನ ಸಂತೆಗೆ ಬಂದ್ಲು. ಕೂಗೇಬಿಡ್ಬೇಕು ಅಂತಿದ್ದೆ. ನಾಲಿಗೆ ಏಳ್ಲಿಲ್ಲ. ಅವಳೇ ಕೇಳ್ಲಿ, ಇಟ್ಟವಳು ಅವಳಲ್ವಾ ಅನ್ನಿಸ್ತು. ಹಗ್ಗ ಅಳೆದು ಕೊಟ್ಟೆ. ಇನ್ನೊಂದು ಸಂತೆಗೆ ಆಗ್ಲಿ ಅಂದ್ಕೊಂಡೆ. ಹಾಗೇ ಇನ್ನೊಂದು, ಮತ್ತೊಂದು. ನೀನು ಹುಟ್ಟಿದ ಮೇಲೆ ನಿನ್ನ ಅವಳ ಕಣ್ಣಿಗೆ ಕಾಣೋ ಹಾಗೆ ಮುಂದೆ ಕೂರಿಸ್ತಿದ್ದೆ. ನೋಡೋಳು. ಹಗ್ಗ ಮಡಚ್ಕೊಂಡು ಹೋಗೋಳು. ಒಂದು ಸಂತೆಗೆ ಬರ್ಲಿಲ್ಲ. ಆಮೇಲೆ ಬರ್ಲೇ ಇಲ್ಲ. ಅವಳ ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಯಾರನ್ನ ಕೇಳ್ಲಿ?"

ತಾತ ಊಟ ಬಿಟ್ಟು ಗೋಡೆ ನೋಡುತ್ತಿದ್ದ. ಸೊಸೆ ಮೆಲ್ಲಗೆ ಹೇಳಿದಳು: "ಕಾದವರು ಕೂಗಬಾರದು ಅಂತ ನೀವೇ ಅಲ್ವಾ ಅತ್ತೆ ನಂಗೆ ಕಲಿಸಿದ್ದು?"

"ಅದು ಗಂಟಿಗೆ ಕಣೇ. ಕೊಡೆಗೆ, ಟ್ರಂಕಿಗೆ. ನಾವು ದಡ್ಡರು, ಅದನ್ನ ಮನುಷ್ಯರಿಗೂ ಹಚ್ಚಿದ್ವಿ." ಅಜ್ಜಿ ತಟ್ಟೆ ಪಕ್ಕಕ್ಕೆ ಸರಿಸಿದಳು. "ಅವಳು ಬರ್ತಾಳೆ ಅಂತ ನಾನು ಕೂತಿಲ್ಲ. ನಂಗೂ ಲೆಕ್ಕ ಬರುತ್ತೆ. ಕೂಗೋದು ಒಂದು ಬಾಕಿ ಇದೆ. ಆ ಜಾಗ ಬಿಟ್ಟು ಬೇರೆ ಎಲ್ಲಿ ನಿಂತು ಕೂಗ್ಲಿ?"

ಆ ಶನಿವಾರ ಸೊಸೆ ಬೆಳಗಿನಿಂದ ತಲೆ ತಗ್ಗಿಸಲಿಲ್ಲ. ಹಗ್ಗ ಅಳೆಯುವಾಗಲೂ ಕಣ್ಣು ಎದುರಿಗೇ. ಆದರೆ ಎದುರಿನಲ್ಲಿ ಮೊಟ್ಟೆ ಅಂಗಡಿ ಇರಲಿಲ್ಲ. ಆ ವಾರವೇ ಮೊಟ್ಟೆಯವನೂ ಖಾಲಿ ಮಾಡಿದ್ದ. ನೆಲದಲ್ಲಿ ಒಂದಿಷ್ಟು ಹುಲ್ಲು, ಒಡೆದ ಟ್ರೇ ಬಿದ್ದಿತ್ತು. ಕೊಳ್ಳುವುದಕ್ಕೆ ಮೊಟ್ಟೆಯೇ ಇಲ್ಲದ ಮೇಲೆ ಯಾವ ನೆಪ ಹಿಡಿದು ಬರುತ್ತಾಳೆ? ಸಂಜೆಯ ತನಕ ಕಾದಳು. ಚೂಟಿ ಬರಲಿಲ್ಲ. ಮನೆಗೆ ಹೋಗಿ ಸೊಸೆ ಅನ್ನಕ್ಕೆ ಉಪ್ಪು ಹಾಕಲು ಮರೆತಳು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಕೊನೆಯ ದಿನ ಬೆಳಿಗ್ಗೆ ವ್ಯಾನು ಬಂತು. ಮಗ ಹಗ್ಗದ ಸುರುಳಿ, ಚೀಲ, ಪೊರಕೆ ಎಲ್ಲವನ್ನೂ ತುಂಬಿದ. ಉಳಿದದ್ದು ಅಜ್ಜಿ, ಅವಳು ಕೂತ ಮಣೆ. ಮಾರುಕಟ್ಟೆಯಲ್ಲಿ ಇನ್ನು ತಕ್ಕಡಿ ತಾತ, ಹೂವಿನವಳು, ಒಬ್ಬಿಬ್ಬರು ಕೂಲಿಗಳು ಬಿಟ್ಟರೆ ಯಾರೂ ಇರಲಿಲ್ಲ. ಬೀಗದ ಕೈಗೆ ಹೊಸ ಮಾರುಕಟ್ಟೆಯಲ್ಲಿ ಆಗಲೇ ಸಾಲು ನಿಂತಿದೆಯೆಂದು ಸುದ್ದಿ ಬಂತು.

"ಅಮ್ಮ, ಏಳು" ಎಂದ ಮಗ. ಒತ್ತಾಯಿಸುವ ಧೈರ್ಯ ಅವನಿಗಿರಲಿಲ್ಲ.

ಅಜ್ಜಿ ಎದ್ದಳು. ವ್ಯಾನಿನ ಕಡೆಗಲ್ಲ, ಹೆಬ್ಬಾಗಿಲಿನ ನಡುವಿಗೆ ಬಂದು ನಿಂತಳು. ಒಂದು ಕೈ ಕಂಬಕ್ಕೆ ಕೊಟ್ಟು, ಎಣ್ಣೆಯ ಸಾಲು ಇದ್ದ ಕಡೆ ಮುಖಮಾಡಿ ಕೂಗಿದಳು.

"ಅಮ್ಮಾ!"

ಹೂವಿನವಳ ಕೈಯಿಂದ ದಾರ ಜಾರಿತು. ಎಂಬತ್ತು ದಾಟಿದ ಗಂಟಲಿನಿಂದ ಅಂಥ ಕೂಗು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಜನ, ಸಾಮಾನು ತುಂಬಿದ್ದ ಕಾಲದಲ್ಲಿ ಆ ಚಾವಣಿಯ ಕೆಳಗೆ ಎಷ್ಟು ಕೂಗಿದರೂ ನಾಲ್ಕು ಅಂಗಡಿ ದಾಟುತ್ತಿರಲಿಲ್ಲ. ಈಗ ಖಾಲಿ ಸಾಲುಗಳ ಉದ್ದಕ್ಕೂ ಹೋಗಿ, ಆ ಕೊನೆಯ ಗೋಡೆ ಮುಟ್ಟಿ, ಸಣ್ಣ ಹುಡುಗಿಯ ಧ್ವನಿಯ ಹಾಗೆ ತೆಳುವಾಗಿ ವಾಪಸು ಬಂತು. ಅಜ್ಜಿ ಇನ್ನೊಂದು ಸಲ ಕೂಗಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಯ್ತು" ಎಂದಳು. "ಅಷ್ಟು ಕಷ್ಟ ಏನಲ್ಲ. ಸುಮ್ಮನೆ ಹೆದರ್ಕೊಂಡಿದ್ದೆ."

ಸೊಸೆ ಅವಳ ತೋಳು ಹಿಡಿಯಲು ಹೋದಳು. ಅಜ್ಜಿ ಕೊಡವಿಕೊಂಡಳು.

"ನಂಗೆ ಅವಳ ಮನೆ ಗೊತ್ತಿರ್ಲಿಲ್ಲ. ನಿನ್ನ ಮಗಳು ಇರೋ ಬೀದಿ ನಿಂಗೆ ಗೊತ್ತು. ಇನ್ನೂ ಇಲ್ಲೇ ನಿಂತಿದೀಯಲ್ಲೇ?"

"ಬೀಗದ ಕೈ ಅತ್ತೆ... ಸಾಲಲ್ಲಿ ನಿಲ್ಬೇಕು..."

"ಎಂಬತ್ತು ವರ್ಷ ಕೂತಿದೀನಿ, ಒಂದಿನ ನಿಂತ್ರೆ ಸಾಯಲ್ಲ. ನಾನು ನಿಲ್ತೀನಿ. ನೀನು ಹೋಗು."

ಮಗನ ಕೈ ಹಿಡಿದು ವ್ಯಾನು ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಅಜ್ಜಿ ಬಾಗಿಲು ಹಾಕಿಕೊಂಡಳು. ಹಿಂತಿರುಗಿ ನೋಡಲಿಲ್ಲ. ವ್ಯಾನು ಹೊರಟಿತು.

ಸೊಸೆ ಬೇಕರಿಯ ಬೀದಿಗೆ ನಡೆದೇ ಹೋದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಮೊದಲು ಬೈಯಬೇಕು ಅಂದುಕೊಂಡಳು, ಆಮೇಲೆ ಬೇಡ ಅಂದುಕೊಂಡಳು. ಹಿಂಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಬಿಸಿ ಗಾಳಿ ಬರುತ್ತಿತ್ತು. ಒಳಗೆ ಇಣುಕಿ ಹೆಸರು ಹಿಡಿದು ಕೂಗಿದಳು. ಮನೆಯಲ್ಲಿ ಕರೆಯುವ ಹೆಸರಲ್ಲ, ಹುಟ್ಟಿದಾಗ ತಾನೇ ಆರಿಸಿ ಇಟ್ಟ ಹೆಸರು.

ಚೂಟಿ ಬಂದಳು. ಮೊಣಕೈ ತನಕ ಹಿಟ್ಟು, ತಲೆಗೆ ಬಿಳಿ ಟೋಪಿ. ಇನ್ನೂ ಸಣ್ಣಗಾಗಿದ್ದಳು.

"ಅಜ್ಜಿಗೆ ಏನಾದ್ರೂ ಆಯ್ತಾ?" ಎಂದು ಗಾಬರಿಯಿಂದ ಕೇಳಿದಳು.

"ಇಲ್ಲ. ಸಾಲಲ್ಲಿ ನಿಂತಿದ್ದಾರೆ."

"ಮತ್ತೆ ನೀನ್ಯಾಕೆ ಬಂದೆ?"

ಸೊಸೆಗೆ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಚೂಟಿಯೇ ಮುಂದುವರಿಸಿದಳು. ಅವಳ ಮಾತು ಸರಸರ ಬರಲಿಲ್ಲ. "ಆ ಟ್ರಂಕಿನವರು ಬಂದಿದ್ರು ಅಂತ ಗೊತ್ತಾಯ್ತು. ಗುಜರಿಯವನ ಹತ್ರ ಹೋಗಿದ್ದೆ. ಅವನು ಆಗ್ಲೇ ಸಾಗಿಸಿಬಿಟ್ಟಿದ್ದಾನೆ. ಹೇಳೋಣ ಅಂತ ಬಂದೆ. ಎಷ್ಟು ಸಲ ಬಂದೆ. ನೀನು ತಲೇನೇ ಎತ್ತಲಿಲ್ಲ."

"ನೋಡಿದ್ದೆ."

"ನೋಡಿದ್ಯಾ?"

"ಬಂದಾಗೆಲ್ಲ ನೋಡಿದ್ದೆ ಕಣೇ" ಎಂದಳು ಸೊಸೆ. ಹಾಗೆ ಹೇಳುತ್ತಿದ್ದಂತೆ ಅಳು ಬಂತು. ತಡೆಯಲು ಹೋಗಲಿಲ್ಲ. "ನೋಡಿಯೂ ಕೂಗಲಿಲ್ಲ. ನಿನ್ನ ಹೊಡೆದದ್ದಕ್ಕಿಂತ ಅದೇ ದೊಡ್ಡ ತಪ್ಪು. ಮನೆಗೆ ಬಾ."

ಚೂಟಿ ಅಂಗೈಯ ಹಿಟ್ಟನ್ನು ಉಜ್ಜುತ್ತ ನಿಂತಳು. ಒಳಗಿನಿಂದ ಯಾರೋ ಅವಳನ್ನು ಕರೆದರು, ಟ್ರೇ ಇಳಿಸುವ ಸದ್ದಾಯಿತು.

"ಕೆಲಸ ಮುಗಿಯೋದು ಸಂಜೆ ಆಗುತ್ತೆ" ಎಂದಳು.

"ಆಗ್ಲಿ. ಇಲ್ಲೇ ಕಾಯ್ತಿರ್ತೀನಿ."

"ಬೇಡ." ಮಗಳು ಹಿಟ್ಟಿನ ಕೈಯಲ್ಲೇ ತಾಯಿಯ ಮಣಿಕಟ್ಟು ಹಿಡಿದಳು. "ನಮ್ಮ ಮನೇಲಿ ಯಾರೂ ಇನ್ನು ಕಾಯೋದು ಬೇಡಮ್ಮ. ಒಳಗೆ ಬಾ."